ಕುಳ್ಳಿರಿಸಬೇಡಿರಿ, ನಿಲ್ಲಿಸಿರಿ

(ಮಕ್ತಲದಲ್ಲಿ ಸೇರಿದ್ದ ದುಡಿಯುವ ಕುಟುಂಬಗಳ ಕೂಟದಲ್ಲಿ, ತೋಟದ ಕೆಲಸದಿಂದ ಊರಿಗೆ ಬಂದಿದ್ದವರ ಮುಂದೆ ಆಡಿದ ಮಾತುಗಳು. ಬರಲಾಗದೆ ತೋಟದ ಲೈನುಗಳಲ್ಲೇ ಉಳಿದವರಿಗಾಗಿ ಇಲ್ಲಿ ಅಚ್ಚು ಮಾಡಿದೆ.)



ಇಂದು ನನಗೆ ಕೊಟ್ಟಿರುವ ವಿಷಯ ಬೀಳುವುದರ ಬಗ್ಗೆ. ಪಾಪದಲ್ಲಿ ಬೀಳುವುದಲ್ಲ, ಅದನ್ನು ಅಯ್ಯನವರು ಪ್ರತಿ ಭಾನುವಾರ ಹೇಳುತ್ತಾರೆ. ನಾನು ಹೇಳಬೇಕೆಂದಿರುವುದು ಬಚ್ಚಲಲ್ಲಿ ಜಾರಿ ಬೀಳುವುದು, ಹೊಸ್ತಿಲು ಎಡವಿ ಬೀಳುವುದು, ರಾತ್ರಿ ಚೆರಿಗೆ ಹಿಡಿದು ಹೊರಗೆ ಹೋದಾಗ ಆಯ ತಪ್ಪಿ ಬೀಳುವುದು. ನಮ್ಮ ಅಪ್ಪ ಅವ್ವಂದಿರು ಬೀಳುವ ಬೀಳು.

ಒಂದನೆಯ ಸಮುವೇಲನ ಗ್ರಂಥದ ನಾಲ್ಕನೆಯ ಅಧ್ಯಾಯ ನಿಮಗೆ ನೆನಪಿದ್ದೀತು. ಯಾಜಕನಾದ ಏಲಿಗೆ 98 ವರ್ಷ. ಕಣ್ಣು ಕಾಣಿಸದು. ಮೈ ಭಾರ. ದಾರಿಯ ಮಗ್ಗುಲಲ್ಲಿ ಆಸನದ ಮೇಲೆ ಕುಳಿತು ಯುದ್ಧದ ಸುದ್ದಿಗಾಗಿ ಕಾದಿದ್ದಾನೆ. ದೇವರ ಮಂಜೂಷವು ಶತ್ರುಗಳ ಪಾಲಾಯಿತೆಂಬ ಮಾತು ಕಿವಿಗೆ ಬಿದ್ದೊಡನೆ ಹಿಂದಕ್ಕೆ ಬಿದ್ದು, ಕತ್ತು ಮುರಿದು ಸತ್ತನು. ಮಕ್ಕಳನ್ನು ತಿದ್ದದ ತಂದೆಗೆ ಬಂದ ಶಿಕ್ಷೆ ಎಂದು ಹೇಳಿ ನಾವು ಪುಟ ತಿರುವುತ್ತೇವೆ. ನಾನೂ ಅನೇಕ ವರ್ಷ ಹಾಗೆಯೇ ಪಾಠ ಹೇಳಿದ್ದೇನೆ. ನನ್ನ ತಂದೆ ಬಿದ್ದ ಮೇಲೆ ಅದೇ ಅಧ್ಯಾಯವನ್ನು ಬೇರೆ ಕಣ್ಣಿನಿಂದ ಓದಿದೆ. ವಯಸ್ಸು, ದೃಷ್ಟಿ, ಮೈಭಾರ, ಕೇಳಿದ ಆಘಾತ, ಇವೆಲ್ಲವನ್ನೂ ಆ ಗ್ರಂಥಕರ್ತನು ಡಾಕ್ಟರು ಚೀಟಿ ಬರೆದಂತೆ ಬರೆದಿಟ್ಟಿದ್ದಾನೆ. ಅಂದು ಇಬ್ಬರು ಗಂಡುಮಕ್ಕಳೂ ಮನೆಯಲ್ಲಿರಲಿಲ್ಲ, ದೂರ ಹೋಗಿದ್ದರು. ಆ ಮಾತನ್ನು ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ.

ನನ್ನ ತಂದೆ ಬಿದ್ದದ್ದು ಮರದಿಂದಲ್ಲ, ಬಾವಿಯ ಮೆಟ್ಟಿಲಿಂದಲೂ ಅಲ್ಲ. ನಲವತ್ತು ವರ್ಷ ದಾಟಿದ ತನ್ನ ಮನೆಯ ಹೊಸ್ತಿಲಿನಲ್ಲಿ ಬಿದ್ದರು. ಅಂದು ನಾನು ಸಂಘದ ಕೆಲಸಕ್ಕೆಂದು ಊರು ಬಿಟ್ಟು ಹೋಗಿದ್ದೆ. ನೆರೆಯವರು ಓಡಿ ಬಂದರು, ಪ್ರೀತಿಯಿಂದಲೇ ಬಂದರು. ಎತ್ತಿ ನಿಲ್ಲಿಸಿದರು, ನಿಲ್ಲಲಾಗದೆ ಕುಸಿದರು. ಎಣ್ಣೆ ಹಚ್ಚಿ ತಿಕ್ಕಿದರು. ಮರುದಿನ ಎಲುಬು ಕಟ್ಟುವವನನ್ನು ಕರೆಸಿ ಕಟ್ಟು ಹಾಕಿಸಿದರು. ಮೂರು ವಾರ ಕಳೆದ ಮೇಲೆ ಫೋಟೋ ತೆಗೆಸಿದಾಗ ಸೊಂಟದ ಕೀಲಿನ ಬಳಿ ತೊಡೆಯ ಎಲುಬು ಮುರಿದಿರುವುದು ತಿಳಿಯಿತು. ಏಳು ತಿಂಗಳು ಹೊರಸಿನ ಮೇಲೆ ಮಲಗಿದರು. ಬೆನ್ನು ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು, ಕಡೆಗೆ ಪ್ರಭುವಿನಲ್ಲಿ ನಿದ್ರೆಹೋದರು. ಆ ಏಳು ತಿಂಗಳಲ್ಲಿ ನನ್ನ ಹೆಂಡತಿ ಒಂದು ದಿನವೂ ಕೂಲಿಗೆ ಹೋಗಲಿಲ್ಲ. ಸಾಲ ಮಾಡಿದೆವು. ಸಾವನ್ನು ಲೆಕ್ಕ ಹಾಕುವವರು ಈ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ನಮ್ಮ ಮನೆಯ ದುಃಖವೊಂದೇ ಆಗಿದ್ದರೆ ನಿಮ್ಮ ಮುಂದೆ ತರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆಯ ಅಪಘಾತ ಬಿಟ್ಟರೆ ಇದೇ ದೊಡ್ಡದು. ಹೀಗೆ ಸಾಯುವವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ನಮ್ಮಂತಹ ಬಡ ಮತ್ತು ಮಧ್ಯಮ ವರಮಾನದ ದೇಶದವರು. 65 ದಾಟಿದವರಲ್ಲಿ ಹೆಚ್ಚು ಕಡಿಮೆ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಎಡವಿದ ಕಾಲೇ ಎಡವುತ್ತದೆ ಎನ್ನುತ್ತಾರಲ್ಲ, ಅದು ನಿಜ. ಒಂದು ಸಲ ಬಿದ್ದವರು ಮತ್ತೆ ಬೀಳುವ ಸಂಭವ ಮಿಕ್ಕವರಿಗಿಂತ ಬಹಳ ಹೆಚ್ಚು.

ತಂದೆ ತೀರಿದ ಮೇಲೆ ನಾವು ಅವ್ವನ ವಿಷಯದಲ್ಲಿ ಎಚ್ಚರವಾದೆವು. ಎಚ್ಚರವೆಂದರೆ ಏನು? ಅವ್ವ ಎದ್ದರೆ ಸಾಕು, ಮನೆಯವರೆಲ್ಲ ಒಂದೇ ಬಾಯಿಂದ "ನೀ ಕುಂದ್ರವ್ವಾ, ನಾವು ಮಾಡ್ತೀವಿ" ಎನ್ನುತ್ತಿದ್ದೆವು. ನೀರು ತರಬೇಡ, ಕುಂದ್ರು. ಕಸ ಹೊಡೆಯಬೇಡ, ಕುಂದ್ರು. ಆರಾಧನೆಗೆ ದೂರವಾಗುತ್ತದೆ, ಮನೆಯಲ್ಲೇ ಕುಂದ್ರು. ಅವ್ವನಿಗೂ ಒಳಗೆ ಹೆದರಿಕೆ ಇತ್ತು, ಕುಳಿತಳು. ಒಂದು ವರ್ಷದೊಳಗೆ, ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಕಲ್ಲುದಾರಿಯಲ್ಲಿ ಬೀಸುಗಾಲಲ್ಲಿ ನಡೆದಿದ್ದ ಅದೇ ಹೆಂಗಸು ನೆಲದಿಂದ ಏಳಲು ಇಬ್ಬರ ಕೈ ಬೇಡತೊಡಗಿದಳು. ನಾವು ಅವಳನ್ನು ಬೀಳದಂತೆ ಕಾದೆವೆಂದು ತಿಳಿದಿದ್ದೆವು. ನಿಜವಾಗಿ ಮುಂದಿನ ಬೀಳಿಗೆ ಅವಳನ್ನು ಸಿದ್ಧ ಮಾಡುತ್ತಿದ್ದೆವು.

ಇದನ್ನು ನಮಗೆ ಹೇಳಿದವಳು ಒಂದು ಸರಕಾರಿ ಆಸ್ಪತ್ರೆಯಲ್ಲಿ ಕೈಕಾಲಿನ ವ್ಯಾಯಾಮ ಕಲಿಸುವ ತಂಗಿ. ಅವ್ವನ ಮೊಣಕಾಲಿಗೆ ಮುಲಾಮು ಬರೆಸಿಕೊಳ್ಳಲು ಹೋಗಿದ್ದೆವು. ಆಕೆ ಮುಲಾಮಿನ ಮಾತೇ ಎತ್ತದೆ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ, "ಕೈ ಊರದೆ ಎದ್ದು ನಿಲ್ಲಿರಿ ಅಮ್ಮಾ" ಎಂದಳು. ಆಗಲಿಲ್ಲ. "ಔಷಧಿ ಇಲ್ಲಿಂದ ಶುರು" ಎಂದಳು. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವನು, ಡಾಕ್ಟರನಲ್ಲ. ಅಂದು ಆಕೆಯಿಂದ ಕಲಿತದ್ದನ್ನೂ ಆಮೇಲೆ ಕೇಳಿ ಓದಿ ತಿಳಿದದ್ದನ್ನೂ ಹೇಳುತ್ತೇನೆ.

ಮನುಷ್ಯನು ನಿಲ್ಲುವುದಕ್ಕೆ ಮೂರು ಕಡೆಯಿಂದ ಸುದ್ದಿ ಬೇಕು. ಕಣ್ಣು ಒಂದು. ಕಿವಿಯ ಒಳಭಾಗ ಇನ್ನೊಂದು. ಅಲ್ಲಿ ಕೇಳುವ ಭಾಗದ ಪಕ್ಕದಲ್ಲೇ ತಲೆ ಯಾವ ಕಡೆ ವಾಲಿದೆಯೆಂದು ತಿಳಿಸುವ ಭಾಗವಿದೆ. ಮೂರನೆಯದು ಪಾದ ಮತ್ತು ಕೀಲುಗಳು. ನೆಲ ಇಳಿಜಾರೋ ಸಮವೋ, ಮೆತ್ತಗೋ ಗಟ್ಟಿಯೋ ಎಂದು ಅಂಗಾಲು ಹೇಳುತ್ತದೆ. ಈ ಮೂರು ಸುದ್ದಿಗಳನ್ನು ಮೆದುಳು ಕೂಡಿಸಿ ಕಾಲಿನ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತದೆ. ವಯಸ್ಸಾದಂತೆ ಕಣ್ಣಿಗೆ ಪೊರೆ ಬರುತ್ತದೆ, ಸಕ್ಕರೆ ಕಾಯಿಲೆಯವರಿಗೆ ಅಂಗಾಲು ಜೋಮು ಹಿಡಿಯುತ್ತದೆ, ಅಪ್ಪಣೆ ಬಂದರೂ ತೊಡೆ ಮತ್ತು ಮೀನಖಂಡದಲ್ಲಿ ಬಲವಿರುವುದಿಲ್ಲ. ಹಗಲಿನಲ್ಲಿ ಕಣ್ಣು ಹೇಗೋ ಕಾಪಾಡುತ್ತದೆ. ರಾತ್ರಿ ಕರೆಂಟು ಹೋದರೆ ಆ ಸಾಕ್ಷಿಯೂ ಹೋಯಿತು. ಆದುದರಿಂದಲೇ ರಾತ್ರಿ ಮೂತ್ರಕ್ಕೆ ಎದ್ದ ಮುದುಕರು ಇಷ್ಟು ಮಂದಿ ಬೀಳುವುದು.

ಇದರಲ್ಲಿ ಸಂತೋಷದ ಮಾತು ಒಂದುಂಟು. ಹೋದ ಆಯವನ್ನು ಮತ್ತೆ ಕಲಿಸಬಹುದು. ಎಂಬತ್ತು ದಾಟಿದವರಿಗೂ ಕಲಿಸಬಹುದು. ನ್ಯೂಜಿಲೆಂಡ್ ದೇಶದ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ 80 ವರ್ಷ ದಾಟಿದ ಹೆಂಗಸರ ಮನೆಮನೆಗೆ ಹೋಗಿ, ಕಾಲಿನ ಬಲದ ಮತ್ತು ನಿಲ್ಲುವ ವ್ಯಾಯಾಮ ಕಲಿಸಿ, ವರ್ಷಗಟ್ಟಲೆ ಲೆಕ್ಕ ಇಟ್ಟರು. ಅವರ ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಬೀಳುವುದು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. 2019ರಲ್ಲಿ ಕಾಕ್ರೇನ್ ಎಂಬ ವೈದ್ಯಪರಿಶೀಲನಾ ಸಂಸ್ಥೆಯವರು ಅನೇಕ ದೇಶಗಳ 108 ಪ್ರಯೋಗಗಳನ್ನು ಜರಡಿ ಹಿಡಿದು ಹೇಳಿದ್ದೂ ಇದೇ ಬಗೆಯದು: ವ್ಯಾಯಾಮದಿಂದ ಬೀಳುವುದು ನೂರಕ್ಕೆ 23ರಷ್ಟು ಕಡಿಮೆಯಾಗುತ್ತದೆ. ಮಾತ್ರೆಯಲ್ಲ, ಸೂಜಿಯಲ್ಲ, ಖರ್ಚಿಲ್ಲ. ಬೇಕಾದದ್ದು ಒಂದು ಗೋಡೆ ಮತ್ತು ಪಕ್ಕದಲ್ಲಿ ಒಬ್ಬ ಮನುಷ್ಯ.

ಈ ಮಾತನ್ನು ನಮ್ಮ ಜನರ ಮುಂದೆ ಮೊದಲು ಇಟ್ಟಾಗ ನಗೆಪಾಟಲಾಯಿತು. ನಾರಾಯಣಪೇಟೆಯ ಒಬ್ಬ ನೇಕಾರ ಅಜ್ಜ, "ಉಪದೇಶಿಗಳೇ, ಐವತ್ತು ವರ್ಷ ಕುಣಿ ಮಗ್ಗದಾಗ ಕಾಲು ಆಡಿಸೀನಿ. ನನಗೇನು ವ್ಯಾಯಾಮ ಹೇಳ್ತೀರಿ?" ಎಂದರು. ಗದ್ವಾಲದ ಒಬ್ಬ ಅಮ್ಮ ಇನ್ನೂ ಖಾರವಾಗಿ, ವ್ಯಾಯಾಮ ಕೂತು ಉಣ್ಣುವವರಿಗೆ, ದುಡಿದವರಿಗಲ್ಲ ಎಂದುಬಿಟ್ಟಳು. ನಾನು ಸಂಘದವನು, ಆ ಮಾತಿಗೆ ನನ್ನ ಮನಸ್ಸು ಒಲಿಯುತ್ತದೆ. ಆದರೂ ಅದು ಸರಿಯಲ್ಲ. ದುಡಿಮೆ ದೇಹವನ್ನು ತನಗೆ ಬೇಕಾದಷ್ಟೇ ಪಳಗಿಸುತ್ತದೆ. ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವನ ಪಾದ ಆಡುತ್ತದೆ, ಆದರೆ ಮೈಯ ಭಾರವನ್ನೆಲ್ಲ ಕೂತಿರುವ ಹಲಗೆಯೇ ಹೊರುತ್ತದೆ. ನಾಟಿ ಹಾಕಿದವಳು ಬಗ್ಗಿದ್ದಾಳೆಯೇ ಹೊರತು ಒಂಟಿ ಕಾಲಲ್ಲಿ ನಿಂತಿಲ್ಲ. ತೋಟದಲ್ಲಿ ಇಳಿಜಾರು ಹತ್ತಿ ಇಳಿದು ಕಾಫಿ ಕುಯ್ದವರ ಕಾಲು ಮಾತ್ರ ನಿಜವಾಗಿ ಗಟ್ಟಿ, ಅದನ್ನು ಒಪ್ಪುತ್ತೇನೆ. ಆದರೆ ಅದೂ ಕೆಲಸವಿರುವ ತನಕ. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಕೆಲವೇ ತಿಂಗಳಲ್ಲಿ ಸ್ನಾಯು ಕರಗುತ್ತದೆ. ದುಡಿದ ಹೆಸರು ಉಳಿಯುತ್ತದೆ, ಬಲ ಉಳಿಯುವುದಿಲ್ಲ. ದಿನಾ ಸಂಜೆ ತಿರುಗಾಡುತ್ತೇವಲ್ಲ ಎನ್ನುವವರೂ ಇದ್ದಾರೆ. ನಡೆಯುವುದು ಒಳ್ಳೆಯದೇ, ಆದರೆ ಬರೀ ನಡೆಯುವುದರಿಂದ ಬೀಳುವುದು ತಪ್ಪುತ್ತದೆಂದು ಹೇಳಲು ಬರುವುದಿಲ್ಲ. ಆಯವನ್ನೇ ಸ್ವಲ್ಪ ಕಷ್ಟಕ್ಕೆ ಒಡ್ಡಿ ಪಳಗಿಸಬೇಕು. ಕುಂಟೆಬಿಲ್ಲೆ ಆಡುವ ಮಕ್ಕಳು ಮಾಡುವುದು ಅದನ್ನೇ.

ಈಗ ನಾವು ಮಾಡುವುದನ್ನು ಹೇಳುತ್ತೇನೆ. ಇಲ್ಲಿ ಮಕ್ತಲದಲ್ಲಿ ದೇವಾಲಯದ ಪಡಸಾಲೆಯಲ್ಲಿ, ನಾರಾಯಣಪೇಟೆಯಲ್ಲಿ ನೇಕಾರರ ಓಣಿಯ ಒಂದು ಮನೆಯಂಗಳದಲ್ಲಿ, ಗದ್ವಾಲದಲ್ಲಿ ಒಂದು ಬೇವಿನ ಮರದ ಕಟ್ಟೆಯ ಬಳಿ, ವಾರಕ್ಕೆ ಮೂರು ದಿನ ಸೇರುತ್ತೇವೆ. ಮಕ್ಕಳು ಇದಕ್ಕೆ ಮುದುಕರ ಸಾಲೆ ಎಂದು ಹೆಸರಿಟ್ಟಿದ್ದಾರೆ. ಗದ್ವಾಲದಲ್ಲಿ ಹೇಳಿಕೊಡುವುದು ಹೆಚ್ಚಾಗಿ ತೆಲುಗಿನಲ್ಲಿ. 1956ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೇ ಸೇರಿದ್ದವು, ಹಳಬರಿಗೆ ಎರಡು ಭಾಷೆಯೂ ಬರುತ್ತದೆ. ಬೀಳುವಾಗ ಯಾರೂ ಭಾಷೆ ನೋಡಿ ಬೀಳುವುದಿಲ್ಲ. ಯಾವ ಸಭೆ, ಯಾವ ಜಾತಿ, ಯಾವ ಮತ ಎಂದೂ ಕೇಳುವುದಿಲ್ಲ.

ಮೊದಲು ಪರೀಕ್ಷೆ. ಗೋಡೆಯ ಮಗ್ಗುಲಲ್ಲಿ, ಹಿಡಿಯಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಬೇಕು. ಎರಡು ಪಾದ ಜೋಡಿಸಿ ಹತ್ತು ಎಣಿಸುವವರೆಗೆ ನಿಲ್ಲುವುದು. ಆಮೇಲೆ ಒಂದು ಪಾದವನ್ನು ಅರ್ಧ ಮುಂದೆ ಇಟ್ಟು ಹತ್ತು. ಆಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗುವಂತೆ, ಹಗ್ಗದ ಮೇಲೆ ನಿಂತ ಹಾಗೆ, ಹತ್ತು. ಕಡೆಗೆ ಒಂಟಿ ಕಾಲಲ್ಲಿ ಹತ್ತು. ಮೂರನೆಯದರಲ್ಲಿ ಹತ್ತು ಎಣಿಸುವಷ್ಟು ನಿಲ್ಲಲಾಗದವರು ಬೀಳುವ ಅಪಾಯದಲ್ಲಿದ್ದಾರೆಂದು ತಿಳಿಯಬೇಕು. ಎಣಿಸುವಾಗ ಗಡಿಯಾರದ ಸೆಕೆಂಡಿನಂತೆ ನಿಧಾನ ಎಣಿಸಿರಿ. ನಮ್ಮ ಹುಡುಗರು ಅಜ್ಜನ ಮೇಲಿನ ಪ್ರೀತಿಗೆ ಓಡಿಸಿ ಎಣಿಸಿಬಿಡುತ್ತಾರೆ.

ಪರೀಕ್ಷೆಯೇ ಪಾಠವೂ ಹೌದು. ಯಾವುದರಲ್ಲಿ ನಿಲ್ಲಲು ಕಷ್ಟವೋ ಅದನ್ನೇ ದಿನಾ ಅಭ್ಯಾಸ ಮಾಡುವುದು, ಮೊದಲು ಗೋಡೆಗೆ ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು. ಇದರ ಜೊತೆಗೆ ಎದ್ದು ಕೂರುವ ಅಭ್ಯಾಸ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿ, ಅಥವಾ ಮೊಣಕಾಲಷ್ಟು ಎತ್ತರದ ಕಟ್ಟೆ ಬೇಕು. ಹಗ್ಗದ ಹೊರಸು ಬೇಡ, ಕುಸಿಯುತ್ತದೆ. ಮುಂದಕ್ಕೆ ಬಾಗಿ ಎದ್ದು ನಿಂತು, ಧೊಪ್ಪನೆ ಕೂರದೆ ನಿಧಾನವಾಗಿ ಕೂರಬೇಕು. ಐದು ಸಲದಿಂದ ಶುರುಮಾಡಿ ಹತ್ತಕ್ಕೆ. ಆಮೇಲೆ ಗೋಡೆ ಹಿಡಿದು ತುದಿಗಾಲಲ್ಲಿ ಏಳುವುದು, ಹತ್ತು ಸಲ. ಬೆರಳು ಎತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು, ಹತ್ತು ಸಲ. ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು. ಬಾವಲಿಯಂತೆ ಗೋಡೆಗೆ ಅಂಟಿಕೊಂಡು ಅಡ್ಡಡ್ಡ ಹೆಜ್ಜೆ ಹಾಕುವುದು, ಇದಕ್ಕೆ ಎಲ್ಲರೂ ನಗುತ್ತಾರೆ. ಹಿಮ್ಮಡಿಗೆ ಬೆರಳು ಮುಟ್ಟಿಸಿ ಹತ್ತು ಹೆಜ್ಜೆ ನಡೆಯುವುದು. ಪಳಗಿದವರು ಹಿಂದು ಹಿಂದಕ್ಕೆ ನಡೆಯುತ್ತಾರೆ, ಅದೂ ಗೋಡೆಯ ಪಕ್ಕದಲ್ಲೇ. ಒಟ್ಟು ಅರ್ಧ ಗಂಟೆ. ವಾರದಲ್ಲಿ ಮೂರು ದಿನಕ್ಕೆ ಕಡಿಮೆಯಾಗಬಾರದು, ಮತ್ತು ಬಿಡಬಾರದು. ಬಿಟ್ಟರೆ ಗಳಿಸಿದ್ದು ಸೋರಿಹೋಗುತ್ತದೆ.

ನನ್ನ ಅವ್ವ ಕೈ ಊರದೆ ಎದ್ದು ನಿಂತದ್ದು ಮೂರನೆಯ ತಿಂಗಳಲ್ಲಿ. ನಿಂತವಳು ನಮ್ಮ ಕಡೆ ತಿರುಗಿ ಒಂದೂ ಮಾತಾಡದೆ ಕಸಬರಿಗೆ ತೆಗೆದುಕೊಂಡಳು. ನನ್ನ ಹೆಂಡತಿ ಅಭ್ಯಾಸಬಲದಿಂದ "ಕುಂ..." ಎಂದು ಬಾಯಿ ತೆರೆದು ಮುಚ್ಚಿಕೊಂಡಳು.

ಎಲ್ಲವೂ ಹೀಗೆ ಸುಖವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ವರ್ಷ ನನ್ನ ಅಜ್ಞಾನದಿಂದ ಒಂದು ಅನಾಹುತ ತಪ್ಪಿತು. ಒಬ್ಬ ಹಿರಿಯರು ಕಟ್ಟೆಯಿಂದ ಎದ್ದೊಡನೆ ಕಣ್ಣು ಕತ್ತಲಿಟ್ಟು ಜೋಲಿ ಹೋದರು. ಪಕ್ಕದಲ್ಲಿದ್ದ ಮೊಮ್ಮಗ ಹಿಡಿದನು. ನಾನು ಅದನ್ನು ಹೆದರಿಕೆ ಎಂದುಕೊಂಡು ಮತ್ತೆ ಏಳಿರೆಂದೆ. ಅದು ಹೆದರಿಕೆಯಾಗಿರಲಿಲ್ಲ. ಬಿ.ಪಿ. ಮಾತ್ರೆಯಿಂದ ಎದ್ದು ನಿಂತಾಗ ರಕ್ತದ ಒತ್ತಡ ಕುಸಿಯುತ್ತಿತ್ತು. ಡಾಕ್ಟರು ಮಾತ್ರೆ ಬದಲಿಸಿದರು, ಸರಿಹೋಯಿತು. ಅಂದಿನಿಂದ ನಾನು ಯಾರನ್ನೇ ಸೇರಿಸಿಕೊಳ್ಳಲಿ, ಮೊದಲು ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಡಾಕ್ಟರಿಗೆ ತೋರಿಸಿ ಬನ್ನಿರಿ ಎನ್ನುತ್ತೇನೆ. ನಿದ್ರೆಯ ಮಾತ್ರೆ ಇದ್ದರಂತೂ ಮುಖ್ಯವಾಗಿ. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತು, ಪಾದ ಆಡಿಸಿ, ಆಮೇಲೆ ನಿಲ್ಲಬೇಕು. ಎದೆನೋವು, ಉಬ್ಬಸ, ಹೊಸದಾಗಿ ತಲೆ ಸುತ್ತು ಇದ್ದವರು ಡಾಕ್ಟರನ್ನು ಕೇಳದೆ ಶುರುಮಾಡಬಾರದು.

ಇನ್ನೊಂದು ಮಾತು ಕೆಲವರಿಗೆ ಕಹಿಯಾದೀತು. ನಮ್ಮ ಪಾಲಮೂರು ಸೀಮೆಯಲ್ಲಿ ಕಳ್ಳು ಎಂದು ಮಾರುವುದೆಲ್ಲ ಮರದಿಂದ ಇಳಿದ ಕಳ್ಳಲ್ಲ. ನಿದ್ರೆಯ ಮಾತ್ರೆಗೆ ಹಾಕುವ ಆಲ್ಪ್ರಜೋಲಾಂ, ಡಯಾಜಪಾಂ, ಮತ್ತು ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಳ್ಳು ಈ ಭಾಗದಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಅದನ್ನು ಕುಡಿದ ಮುದುಕನಿಗೆ ಆಯ ಕಲಿಸುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಆದರೆ ಮನೆಯವರು ಸಿಟ್ಟಿನಲ್ಲಿ ಒಂದೇ ದಿನಕ್ಕೆ ಬಿಡಿಸಬೇಡಿರಿ. ಬಹಳ ಕಾಲ ಕುಡಿದವರು ತಟಕ್ಕನೆ ಬಿಟ್ಟರೆ ಮೈ ನಡುಗಿ, ಬುದ್ಧಿ ಕದಡಿ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಿಡಿಸಬೇಕು. ನಾನು ಉಪದೇಶಿಯಾಗಿ ಕುಡಿತದ ವಿರುದ್ಧ ಎಷ್ಟು ಹೇಳಿದ್ದೇನೋ ನೀವೇ ಬಲ್ಲಿರಿ. ಈ ಒಂದು ವಿಷಯದಲ್ಲಿ ಮಾತ್ರ ಪಶ್ಚಾತ್ತಾಪಕ್ಕಿಂತ ಮೊದಲು ಡಾಕ್ಟರು.

ಕಣ್ಣಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪೊರೆ ಇದ್ದರೆ ತೆಗೆಸಿರಿ. 2018ರ ಆಗಸ್ಟ್ 15ರಂದು ತೆಲಂಗಾಣ ಸರಕಾರ ಶುರುಮಾಡಿದ ಕಂಟಿ ವೆಲುಗು ತಪಾಸಣೆಯಲ್ಲಿ ನಮ್ಮ ಅನೇಕರಿಗೆ ಪುಕ್ಕಟೆ ಕನ್ನಡಕ ಸಿಕ್ಕಿತು. ಅದನ್ನು ಪೆಟ್ಟಿಗೆಯಲ್ಲಿಟ್ಟು ಭಾನುವಾರಕ್ಕೆ ಮಾತ್ರ ತೆಗೆಯುವವರಿದ್ದಾರೆ! ಒಂದೇ ಗಾಜಿನಲ್ಲಿ ಮೇಲೆ ದೂರಕ್ಕೆ, ಕೆಳಗೆ ಓದಲಿಕ್ಕೆ ಇರುವ ಕನ್ನಡಕ ಹಾಕಿದವರು ಮೆಟ್ಟಿಲು ಇಳಿಯುವಾಗ ತಲೆ ಬಗ್ಗಿಸಿ ಮೇಲಿನ ಭಾಗದಿಂದ ನೋಡಬೇಕು. ಕೆಳಗಿನಿಂದ ನೋಡಿದರೆ ಮೆಟ್ಟಿಲು ಮಸುಕಾಗುತ್ತದೆ.

ಮನೆ. ನಮ್ಮ ಕಡೆ ಶಹಾಬಾದಿ ಕಲ್ಲಿನ ನೆಲ, ಒದ್ದೆಯಾದರೆ ಎಣ್ಣೆ ಸುರಿದ ಹಾಗೆ. ಬಚ್ಚಲಲ್ಲಿ ಕಲ್ಲನ್ನು ಚಾಣದಿಂದ ಒರಟು ಮಾಡಿಸಿರಿ, ಒಂದು ಕಬ್ಬಿಣದ ಪೈಪು ಗೋಡೆಗೆ ಗಟ್ಟಿಯಾಗಿ ಕೂರಿಸಿರಿ. ಕೂತು ಏಳುವ ಪಾಯಖಾನೆಯಲ್ಲಿಯೂ ಹಾಗೆಯೇ. ಹೊಸ್ತಿಲ ಅಂಚಿಗೆ ಸುಣ್ಣ ಬಳಿಯಿರಿ, ಬೆಳ್ಳಗೆ ಕಾಣಲಿ. ಹೊರಸಿನ ಕೈಗೆಟಕುವಲ್ಲಿ ಬ್ಯಾಟರಿ ಇರಲಿ. ಹವಾಯಿ ಚಪ್ಪಲಿ ಸವೆದಿದ್ದರೆ ಬಿಸಾಡಿರಿ. ಊರುಗೋಲು ಹಿಡಿಯಲು ನಾಚುವ ಗಂಡಸರಿಗೆ ನಾನು ಹೇಳುವುದು ಯಾಕೋಬನ ಹೆಸರು. ಹನ್ನೆರಡು ಗೋತ್ರಗಳ ತಂದೆ ಕೋಲೂರಿಯೇ ದೇವರನ್ನು ಆರಾಧಿಸಿದನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿದೆ.

ಇಷ್ಟೆಲ್ಲ ಮಾಡಿಯೂ ಬೀಳಬಹುದು. ಬಿದ್ದ ಕೂಡಲೇ ಎಳೆದು ನಿಲ್ಲಿಸಬೇಡಿರಿ. ನನ್ನ ತಂದೆಯ ವಿಷಯದಲ್ಲಿ ಆದ ತಪ್ಪು ಅದೇ. ಸ್ವಲ್ಪ ಹೊತ್ತು ಹಾಗೇ ಬಿಟ್ಟು ಎಲ್ಲಿ ನೋವು ಕೇಳಿರಿ. ಸೊಂಟದ ಬಳಿ ಬಲವಾದ ನೋವು, ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಎಲುಬು ಮುರಿದಿದೆಯೆಂದೇ ತಿಳಿದು 108ಕ್ಕೆ ಕರೆಮಾಡಿರಿ. ತಿಕ್ಕಬಾರದು, ಎಣ್ಣೆ ಬೇಡ, ನಾಟಿ ಕಟ್ಟು ಬೇಡ. ಸೊಂಟದ ಎಲುಬಿಗೆ ಒಂದೆರಡು ದಿನದೊಳಗೆ ಆಪರೇಶನ್ ಆದರೆ ಎದ್ದು ನಡೆಯುವ ಆಸೆ ಇದೆ, ತಡಮಾಡಿದಷ್ಟೂ ಹಾಸಿಗೆಯೇ ಗತಿ. ದುಡ್ಡಿಲ್ಲವೆಂದು ಮನೆಯಲ್ಲಿಟ್ಟುಕೊಳ್ಳಬೇಡಿರಿ. ತೆಲಂಗಾಣದ ಆರೋಗ್ಯಶ್ರೀಯ ಮಿತಿಯನ್ನು 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿಸಿದ್ದಾರೆ. 70 ದಾಟಿದವರಿಗೆ ಬಡವ ಬಲ್ಲಿದ ಎನ್ನದೆ 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಕೇಂದ್ರ ಸರಕಾರದ ಆಯುಷ್ಮಾನ್ ಕಾರ್ಡು 2024ರ ಅಕ್ಟೋಬರಿನಲ್ಲಿ ಬಂದಿದೆ. ಕಾರ್ಡನ್ನು ಬಿದ್ದ ಮೇಲಲ್ಲ, ಈಗಲೇ ಮಾಡಿಸಿರಿ. ಸಂಘದ ಕಡೆಯಿಂದ ಅರ್ಜಿ ತುಂಬಿಕೊಡಲು ನಾವಿದ್ದೇವೆ.

ಎಲುಬು ಮುರಿಯದೆ, ಎದ್ದೇಳಲು ಮಾತ್ರ ಆಗದಿದ್ದರೆ, ತಾನಾಗಿ ಏಳುವ ಕ್ರಮವೊಂದಿದೆ. ಮಗ್ಗುಲಿಗೆ ಹೊರಳಿ, ಅಂಬೆಗಾಲಿಗೆ ಬಂದು, ಕಟ್ಟೆಯ ಅಥವಾ ಗಟ್ಟಿ ಕುರ್ಚಿಯ ತನಕ ಹರಿದು, ಅದರ ಮೇಲೆ ಎರಡೂ ಕೈ ಊರಿ, ಬಲವಿರುವ ಕಾಲಿನ ಪಾದವನ್ನು ನೆಲಕ್ಕಿಟ್ಟು ಏಳುವುದು. ಇದನ್ನು ಚಾಪೆಯ ಮೇಲೆ ನಮ್ಮ ಸಾಲೆಯಲ್ಲಿ ಕಲಿಸುತ್ತೇವೆ. ಯಾಕೆಂದರೆ ನಮ್ಮ ಊರುಗಳಲ್ಲಿ ಬಿದ್ದವರನ್ನು ಎತ್ತಲು ಮನೆಯಲ್ಲಿ ಯಾರಿರುತ್ತಾರೆ?

ಇಲ್ಲಿಗೆ ನಾನು ಹೇಳಲೇಬೇಕಾದ ಮಾತಿಗೆ ಬಂದೆ. ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರು, ಕಾಫಿ ತೋಟ, ಎಲ್ಲಿ ಕಟ್ಟಡ ಕಾಲುವೆ ತೋಟ ಉಂಟೋ ಅಲ್ಲಿಗೆ ಪಾಲಮೂರು ಕೂಲಿ ಹೋಗಿದೆ. ಜುರಾಲಾ ಕಟ್ಟೆ ಬಂದಮೇಲೆಯೂ ಹೋಗುವುದು ನಿಂತಿಲ್ಲ. ನೀವು ಹೋದ ಮೇಲೆ ಓಣಿಯಲ್ಲಿ ಉಳಿಯುವವರು ಮುದುಕರು ಮತ್ತು ಬೀಗ. ನೀವು ಕಳಿಸುವ ದುಡ್ಡು ಬರುತ್ತದೆ, ಫೋನೂ ಬರುತ್ತದೆ. ಫೋನಿನಲ್ಲಿ "ಹುಷಾರಾಗಿ ಕುಂದ್ರವ್ವಾ" ಎನ್ನುತ್ತೀರಿ. ನಿಮ್ಮನ್ನು ದೂರುತ್ತಿಲ್ಲ. ಊರಿನಲ್ಲಿ ಕೂಲಿ ಸಿಕ್ಕಿದ್ದರೆ ಯಾರು ಹೋಗುತ್ತಿದ್ದರು? ಆದರೆ ಇನ್ನು ಮುಂದೆ ಫೋನಿನಲ್ಲಿ, "ಇವತ್ತು ಎಷ್ಟು ಸಲ ಎದ್ದು ಕೂತಿ?" ಎಂದು ಕೇಳಿರಿ. ಉತ್ತರ ತಪ್ಪಿದರೆ ನಮಗೆ ತಿಳಿಸಿರಿ, ನಾವು ಮನೆಗೆ ಹೋಗುತ್ತೇವೆ. ಹೋಗುವ ಮುಂಚೆ ಆ ಪೈಪೊಂದನ್ನು ಬಚ್ಚಲಿಗೆ ಹಾಕಿಸಿ ಹೋಗಿರಿ. ಒಬ್ಬರೇ ಇರುವವರಿಗೆ ದಿನಕ್ಕೊಮ್ಮೆ ಬಾಗಿಲು ತಟ್ಟುವ ಒಂದು ನೆರೆಮನೆಯನ್ನು ಗೊತ್ತುಮಾಡಿ ಹೋಗಿರಿ. ದಿಕ್ಕು ತೋಚದಿದ್ದರೆ ವೃದ್ಧರಿಗಾಗಿಯೇ ಇರುವ 14567 ಎಂಬ ನಂಬರಿಗೆ ದೇಶದಲ್ಲಿ ಎಲ್ಲಿಂದಲಾದರೂ ಪುಕ್ಕಟೆ ಕರೆಮಾಡಬಹುದು.

ತಂದೆತಾಯಿಯನ್ನು ತೋಟಕ್ಕೇ ಕರೆದುಕೊಂಡು ಹೋದವರಿಗೂ ಎರಡು ಮಾತು. ಲೈನ್ ಮನೆಯ ಮುಂದಿನ ಮೆಟ್ಟಿಲು ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ. ಪಾಯಖಾನೆ ದೂರ, ದೀಪವಿಲ್ಲ, ದಾರಿ ಇಳಿಜಾರು. ಬಯಲುಸೀಮೆಯ ಮುದುಕಿಗೆ ಆ ನೆಲದ ರೂಢಿಯೇ ಇಲ್ಲ. ಕೂಲಿ ಬೋನಸ್ಸುಗಳ ಮಾತುಕತೆಗೆ ಕೂತಾಗ ಮೆಟ್ಟಿಲಿಗೆ ಒಂದು ಕೈಹಿಡಿ, ದಾರಿಗೆ ಒಂದು ದೀಪ, ಇದನ್ನೂ ಬೇಡಿಕೆಯ ಪಟ್ಟಿಯಲ್ಲಿ ಬರೆಯಿರಿ. ಚಿಕ್ಕ ಸಂಗತಿಯೆಂದು ನಮ್ಮವರೇ ನಕ್ಕಾರು. ಅದೇ ಮೆಟ್ಟಿಲಲ್ಲಿ ಹೊರೆ ಹೊತ್ತ ಹೆಂಗಸೂ ಜಾರುತ್ತಾಳೆ, ಬಸುರಿಯೂ ಜಾರುತ್ತಾಳೆ. ಕೈಹಿಡಿ ಬರುವ ತನಕ ಪಾಚಿಯನ್ನು ಸುಣ್ಣದ ಪುಡಿ ಹಾಕಿ ತಿಕ್ಕುವುದಕ್ಕೆ ಯಾವ ಮಾಲೀಕನ ಅಪ್ಪಣೆಯೂ ಬೇಡ.

ಕಡೆಯಲ್ಲಿ ಆ ನೇಕಾರ ಅಜ್ಜನ ಸಂಗತಿ ಹೇಳಿಬಿಡುತ್ತೇನೆ, ಯಾರೋ ಹಿಂದಿನಿಂದ ಕೇಳುತ್ತಿದ್ದಾರೆ. ಅವರು ನಮ್ಮ ಸಾಲೆಗೆ ಬರಲು ಒಂದು ವರ್ಷ ಬೇಕಾಯಿತು. ಬಂದ ದಿನ ಪರೀಕ್ಷೆಯಲ್ಲಿ ನಾಲ್ಕು ಎಣಿಸುವಷ್ಟರಲ್ಲಿ ಗೋಡೆ ಹಿಡಿದರು. ಮುಖ ಸಣ್ಣದಾಯಿತು. ಈಗ ಒಂಟಿ ಕಾಲಲ್ಲಿ ಹದಿನೈದು ನಿಲ್ಲುತ್ತಾರೆ. ನಡುವೆ ಒಂದು ಸಲ ಅಂಗಳದಲ್ಲಿ ಬಿದ್ದರು, ಕೈ ತರಚಿತು, ತಾವೇ ಹೊರಳಿ ಅಂಬೆಗಾಲಿಗೆ ಬಂದು ಎದ್ದರಂತೆ. ಅದನ್ನು ನನಗೆ ಹೇಳುವಾಗ, ಬಿದ್ದದ್ದಕ್ಕೆ ನಾಚಲಿಲ್ಲ, ಎದ್ದದ್ದನ್ನೇ ಎರಡು ಸಲ ಹೇಳಿದರು.

ಇನ್ನು ಮಾತು ಸಾಕು. ಅರವತ್ತು ದಾಟಿದವರು ಈ ಗೋಡೆಯ ಕಡೆ ಬನ್ನಿರಿ. ಒಬ್ಬೊಬ್ಬರ ಪಕ್ಕದಲ್ಲಿ ಅವರವರ ಮಗನೋ ಸೊಸೆಯೋ ನಿಲ್ಲಲಿ, ಹಿಡಿಯಬೇಡಿರಿ, ಹಿಡಿಯುವಷ್ಟು ಹತ್ತಿರ ಇರಿ. ಚಪ್ಪಲಿ ಬಿಡಿರಿ. ಎರಡು ಪಾದ ಜೋಡಿಸಿರಿ. ನಾನು ಎಣಿಸುತ್ತೇನೆ, ನಿಧಾನ. ಒಂದು...